ಕ್ಲಚ್ಚು ನನ್ನದು, ಗೇರು ಅವಳದು

ನನ್ನ ಪಾದದ ಸೈಜು ಹದಿಮೂರು. ಹೀಗೆಂದ ಕೂಡಲೇ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಕೆಳಗೆ ನೋಡುತ್ತಾರೆ, ಆಮೇಲೆ ನಗುತ್ತಾರೆ. ನಗಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ ಕಟ್ಟಿದವನಿಗೆ ನನ್ನಂಥವನ ಪರಿಚಯ ಇರಲಿಲ್ಲ. ಎಷ್ಟು ಮುದುಡಿಕೊಂಡರೂ ನನ್ನ ಎರಡು ಪಾದ ಮಂಚದಿಂದ ಆಚೆಗೇ ಇರುತ್ತಿದ್ದವು. ವಿಜಯನಗರದ ಅಂಗಡಿಗಳಲ್ಲಿ ಚಪ್ಪಲಿ ಕೇಳಿದರೆ ಒಳಗೆ ಹೋಗಿ ಹುಡುಕುವ ಶಾಸ್ತ್ರವನ್ನೂ ಮಾಡದೆ ಕೂತಲ್ಲಿಂದಲೇ ಕೈಯಾಡಿಸಿಬಿಡುತ್ತಿದ್ದರು. ಅಳತೆ ಕೊಟ್ಟು ಹೊಲಿಸಿಕೊಂಡ ಚಪ್ಪಲಿಯೇ ನನಗೆ ಗತಿ. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ನನ್ನದೊಂದು ಸಣ್ಣ ಲೇತ್ ವರ್ಕ್‌ಶಾಪ್ ಇದೆ. ಅಲ್ಲಿ ಎಲ್ಲರೂ ಗಟ್ಟಿ ಬೂಟು ಹಾಕಿಕೊಂಡು ಕೆಲಸ ಮಾಡಬೇಕೆಂದು ನಾನೇ ನಿಯಮ ಮಾಡಿದ್ದೆ. ಹಾಕಿಕೊಳ್ಳದವನು ನಾನೊಬ್ಬನೇ. ನನ್ನ ಅಳತೆಯ ಬೂಟು ಸಿಗುತ್ತಿರಲಿಲ್ಲ.

ಕಾರಿನ ಕಥೆ ಇದಕ್ಕಿಂತ ಕೆಟ್ಟದ್ದು. ನಮ್ಮದು ಹಳೆಯ ಪುಟ್ಟ ಕಾರು, ಗೇರನ್ನು ಕೈಯಿಂದಲೇ ಹಾಕಬೇಕು. ಅದನ್ನು ತಯಾರು ಮಾಡಿದವರು ಹದಿಮೂರರ ಕಾಲನ್ನು ಕನಸಿನಲ್ಲೂ ಕಂಡಿರಲಿಲ್ಲ. ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ಮೂರೂ ಒಂದಕ್ಕೊಂದು ಒತ್ತಿಕೊಂಡು ಕೂತಿವೆ. ಚಪ್ಪಲಿ ಹಾಕಿಕೊಂಡು ಆಕ್ಸಿಲರೇಟರ್ ತುಳಿದರೆ ಚಪ್ಪಲಿಯ ಅಂಚು ಬ್ರೇಕಿಗೂ ತಾಗುತ್ತದೆ. ಬ್ರೇಕಿನಿಂದ ಕಾಲು ಎತ್ತಿದರೆ ಚಪ್ಪಲಿಯ ತುದಿ ಮೇಲೆ ಡ್ಯಾಶ್‌ಬೋರ್ಡಿನ ಅಡಿಗೆ ಸಿಕ್ಕಿಕೊಳ್ಳುತ್ತದೆ. ಎಡಗಾಲನ್ನು ಕ್ಲಚ್ಚಿನಿಂದ ತೆಗೆದ ಮೇಲೆ ಇಡುವುದಕ್ಕೆ ಜಾಗವೇ ಇಲ್ಲ. ಡ್ರೈವಿಂಗ್ ಕಲಿಸಿದ ಮಾರೇನಹಳ್ಳಿಯ ಮೇಷ್ಟ್ರು ಎರಡು ದಿನ ನೋಡಿ, ನಿಮಗೆ ಲಾರಿಯೇ ಸರಿ ಸಾರ್ ಎಂದು ಬೇಸರದಿಂದಲೇ ಹೇಳಿದ್ದರು.

ಉಪಾಯ ಸಿಕ್ಕಿದ್ದು ಒಂದು ಆಯುಧಪೂಜೆಯ ದಿನ. ಕಾರು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟಾಗಿತ್ತು. ಪೂಜೆಯಾದ ಗಾಡಿಗೆ ಚಪ್ಪಲಿ ಹಾಕಿಕೊಂಡು ಹತ್ತಬೇಡಿ ಎಂದಳು ಹೆಂಡತಿ. ಬರಿಗಾಲಲ್ಲಿ ಹತ್ತಿ ಕೂತೆ. ನಿಂಬೆಹಣ್ಣಿನ ಮೇಲೆ ಗಾಡಿ ಹರಿಸಿ ಬೀದಿಯ ಕೊನೆಯವರೆಗೆ ಹೋಗಿ ಬರುವಷ್ಟರಲ್ಲಿ ನನಗೇ ಆಶ್ಚರ್ಯವಾಯಿತು. ಚಪ್ಪಲಿಯ ಅಂಚು ಇಲ್ಲದೇ ಹೋದ ಮೇಲೆ ಪೆಡಲುಗಳ ನಡುವೆ ಬೆರಳು ಆಡಿಸುವಷ್ಟು ಜಾಗ ಸಿಕ್ಕಿತ್ತು. ಅವತ್ತಿನಿಂದ ನಾನು ಚಪ್ಪಲಿ ಹಾಕಿಕೊಂಡು ಕಾರು ಓಡಿಸಿದ್ದಿಲ್ಲ. ಬೀದಿಯವರು ನನ್ನನ್ನು ಮಹಾ ದೈವಭಕ್ತ ಎಂದುಕೊಂಡರು. ಚಪ್ಪಲಿ ಗೇಟಿನ ಹತ್ತಿರವೇ ಮರೆತು, ಕೆಂಗೇರಿಯಲ್ಲಿ ಬರಿಗಾಲಲ್ಲಿ ಇಳಿದು ಕಾಫಿ ಕುಡಿದು ಬಂದದ್ದೂ ಉಂಟು.

ನಿಧಾನವಾಗಿ ಉಳಿದದ್ದನ್ನೂ ಕಲಿತೆ. ಸೀಟನ್ನು ಹಿಂದಕ್ಕೆ ಎಷ್ಟು ಹೋಗುತ್ತದೋ ಅಷ್ಟು ತಳ್ಳಬೇಕು. ಹಿಮ್ಮಡಿಯನ್ನು ನೆಲದಿಂದ ಎತ್ತಬಾರದು, ಅದನ್ನು ಊರಿಕೊಂಡೇ ಮುಂಗಾಲನ್ನು ಬ್ರೇಕಿನಿಂದ ಆಕ್ಸಿಲರೇಟರಿಗೆ ತಿರುಗಿಸಬೇಕು. ಕೆಲಸ ಇಲ್ಲದಾಗ ಎಡಗಾಲನ್ನು ಮಡಿಸಿ ಕ್ಲಚ್ಚಿನ ಹಿಂದಕ್ಕೆ ಎಳೆದುಕೊಂಡಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಅಂಗಾಲು. ಕ್ಲಚ್ಚನ್ನು ಮೆಲ್ಲಗೆ ಬಿಡುತ್ತಾ ಬಂದಾಗ ಒಂದು ಕಡೆ ಎಂಜಿನ್ನು ಚಕ್ರವನ್ನು ಹಿಡಿದುಕೊಳ್ಳುತ್ತದಲ್ಲ, ಆಗ ಪೆಡಲಿನಲ್ಲಿ ಒಂದು ಸಣ್ಣ ನಡುಕ ಬರುತ್ತದೆ. ಬೂಟು ಹಾಕಿದವರಿಗೆ ಅದು ಅಂದಾಜಿನಲ್ಲಿ ಗೊತ್ತಾಗುತ್ತದೆ. ನನಗೆ ಚರ್ಮದಲ್ಲೇ ಗೊತ್ತಾಗುತ್ತಿತ್ತು. ಜೀವಮಾನವೆಲ್ಲ ನಗೆಪಾಟಲಾದ ಕಾಲುಗಳು ಕಡೆಗೂ ಒಂದು ಕೆಲಸಕ್ಕೆ ಒದಗಿದವು ಎಂದು ನನಗೆ ಒಳಗೊಳಗೇ ಜಂಬವಿತ್ತು.

ಇಷ್ಟೆಲ್ಲ ಹೇಳುತ್ತಿರುವುದು ನನ್ನ ಮಗಳಿಗಾಗಿ.

ಅವಳಿಗೆ ಈಗ ಇಪ್ಪತ್ತು ದಾಟಿದೆ. ಮಾತಿಲ್ಲ. ಆಟಿಸಂ ಎಂದು ಅವಳು ತೀರ ಚಿಕ್ಕವಳಿದ್ದಾಗಲೇ ಹೇಳಿದರು. ನಾವು ತಿರುಗದ ಆಸ್ಪತ್ರೆಯಿಲ್ಲ, ಹೊರದ ಹರಕೆಯಿಲ್ಲ, ಕೇಳಿಸಿಕೊಳ್ಳದ ಪುಕ್ಕಟೆ ಸಲಹೆಯಿಲ್ಲ. ಬಂದ ನೆಂಟರು, ಪಾಪ, ಎಷ್ಟು ಲಕ್ಷಣವಾಗಿದ್ದಾಳೆ ಎಂದು ಹೇಳಿ ಕಾಫಿ ಕುಡಿದು ಹೋಗುತ್ತಿದ್ದರು. ಆ ಪಾಪ ಎಂಬ ಮಾತು ಕೇಳಿದರೆ ನನಗೆ ಇಂದಿಗೂ ಮೈಯುರಿಯುತ್ತದೆ. ಹಗಲೆಲ್ಲ ಅವಳು ಹೇಗೋ ಇರುತ್ತಿದ್ದಳು. ಸಂಜೆಯಾಗುತ್ತಿದ್ದಂತೆ ಅವಳೊಳಗೆ ಏನೋ ಶುರುವಾಗುತ್ತಿತ್ತು. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆಯುವುದು, ಮಣಿಕಟ್ಟು ಕಚ್ಚಿಕೊಳ್ಳುವುದು, ಕಿರುಚುವುದು. ಊಟವಿಲ್ಲ, ನಿದ್ದೆಯಿಲ್ಲ.

ಅವಳು ಇನ್ನೂ ಫ್ರಾಕು ಹಾಕುತ್ತಿದ್ದ ಕಾಲದಲ್ಲಿ ಒಂದು ಸಂಜೆ ದಿಕ್ಕು ತೋಚದೆ ಅವಳನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ. ಹೊಸಹಳ್ಳಿಯ ಮೆಟ್ರೋ ಕೆಳಗೆ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಅವಳು ಗೇರಿನ ಗುಂಡಿಯ ಮೇಲೆ ಕೈಯಿಟ್ಟಳು. ತೆಗೆಸಲು ಹೋಗಲಿಲ್ಲ, ಅಪರೂಪಕ್ಕೆ ಸುಮ್ಮನಾಗಿದ್ದಾಳಲ್ಲ ಎನಿಸಿತು. ಹಸಿರು ದೀಪ ಬಂತು. ನಾನು ಕ್ಲಚ್ ತುಳಿದೆ, ಅವಳ ಕೈಯ ಮೇಲಿಂದಲೇ ಒಂದನೇ ಗೇರಿಗೆ ತಳ್ಳಿದೆ. ನನ್ನ ಕೈ ತಾಗಿದ್ದು ಅವಳಿಗೆ ಹಿಡಿಸಲಿಲ್ಲ, ಕೊಡವಿಬಿಟ್ಟಳು. ಆದರೆ ಗುಂಡಿಯನ್ನು ಬಿಡಲಿಲ್ಲ. ಕೆಲವೇ ವಾರಗಳಲ್ಲಿ ನನ್ನ ಕೈ ಬೇಕಾಗಲೇ ಇಲ್ಲ. ಎಂಜಿನ್ನಿನ ದನಿ ಏರುವುದನ್ನು ಕೇಳಿಸಿಕೊಂಡು ಅವಳು ಕಾಯುತ್ತಿದ್ದಳು. ನಾನು ಕ್ಲಚ್ ತುಳಿದ ಕ್ಷಣಕ್ಕೆ ಸರಿಯಾಗಿ ಎರಡಕ್ಕೆ ಎಳೆಯುತ್ತಿದ್ದಳು, ಮತ್ತೆ ಮೂರಕ್ಕೆ. ಒಂದು ಸಲವೂ ತಪ್ಪು ಮನೆಗೆ ಹಾಕಿದವಳಲ್ಲ. ಲೇತಿನ ಮುಂದೆ ವರ್ಷಗಟ್ಟಲೆ ನಿಂತ ನನ್ನ ಕಿವಿಗಿಂತ ಅವಳ ಕಿವಿ ಚುರುಕಾಗಿತ್ತು.

ಅದೇ ನಮ್ಮ ಪದ್ಧತಿಯಾಯಿತು. ವರ್ಕ್‌ಶಾಪ್ ಮುಚ್ಚಿ ಮನೆಗೆ ಬಂದು, ಮುಖ ತೊಳೆದು, ಚಪ್ಪಲಿ ಬಿಟ್ಟು ಕಾರು ಹತ್ತುತ್ತಿದ್ದೆ. ಅವಳು ಆಗಲೇ ಎಡಗಡೆ ಕೂತು ಬೆಲ್ಟು ಹಾಕಿಕೊಂಡಿರುತ್ತಿದ್ದಳು. ಕ್ಲಚ್ಚು ನನ್ನದು, ಗೇರು ಅವಳದು. ವಿಜಯನಗರದಿಂದ ನಾಗರಬಾವಿ ಕಡೆಗೆ, ಅಲ್ಲಿಂದ ರಿಂಗ್ ರೋಡು, ಮೈಸೂರು ರಸ್ತೆ, ಕೆಂಗೇರಿ, ವಾಪಸು. ಇಡೀ ಬೆಂಗಳೂರು ಸಂಜೆಯ ಟ್ರಾಫಿಕ್ಕಿಗೆ ಶಾಪ ಹಾಕುತ್ತಿದ್ದರೆ ಇವಳಿಗೆ ಅದೇ ಹಬ್ಬ. ನಿಂತು ನಿಂತು ಹೋದಷ್ಟೂ ಗೇರು ಹಾಕುವ ಕೆಲಸ ಹೆಚ್ಚು. ಕೆಂಗೇರಿಯಾಚೆ ರಸ್ತೆ ಖಾಲಿ ಸಿಕ್ಕಿ ಐದನೇ ಗೇರಿನಲ್ಲೇ ಓಡಿದರೆ ಬೇಜಾರು ಮಾಡಿಕೊಂಡು ನನ್ನ ಕಡೆ ನೋಡುತ್ತಿದ್ದಳು. ನಾನು ಸುಮ್ಮಸುಮ್ಮನೆ ನಿಧಾನ ಮಾಡಿ ಅವಳಿಗೆ ಒಂದು ನಾಲ್ಕನ್ನೋ ಮೂರನ್ನೋ ಕೊಡುತ್ತಿದ್ದೆ. ಹಿಂದಿನವರು ಹಾರ್ನ್ ಬಾರಿಸಿ ಬೈದುಕೊಂಡು ಮುಂದೆ ಹೋಗುತ್ತಿದ್ದರು.

ಮನೆಗೆ ಬಂದರೆ ಅವಳು ಊಟ ಮಾಡುತ್ತಿದ್ದಳು, ಮಲಗುತ್ತಿದ್ದಳು. ಇಡೀ ದಿನದಲ್ಲಿ ನನ್ನ ಹೆಂಡತಿಗೆ ಬಾಗಿಲು ಹಾಕಿಕೊಂಡು ಸುಮ್ಮನೆ ಕೂರಲು ಸಿಗುತ್ತಿದ್ದದ್ದೂ ಆ ಹೊತ್ತು ಮಾತ್ರ. ನನಗೆ ಸಿಗುತ್ತಿದ್ದದ್ದನ್ನು ಹೇಗೆ ಹೇಳಲಿ? ಅಪ್ಪ ಎಂದು ಒಮ್ಮೆಯೂ ಕರೆಯದ ಮಗಳ ಜೊತೆ ನಾನು ಅಷ್ಟು ಹೊತ್ತು ಮಾತಾಡಿಕೊಂಡೇ ಹೋಗುತ್ತಿದ್ದೆ. ನಾನು ತುಳಿದರೆ ಅವಳು ಎಳೆಯುತ್ತಿದ್ದಳು. ಅವಳು ಕಾದರೆ ನಾನು ತುಳಿಯುತ್ತಿದ್ದೆ. ಎಷ್ಟು ಮಂದಿ ಅಪ್ಪಂದಿರಿಗೆ ಇಷ್ಟಾದರೂ ಸಿಕ್ಕಿದೆಯೋ, ನನಗಂತೂ ಸಾಕಾಗಿತ್ತು.

ಮೊದಲು ಗೇರು ಕಿರುಗುಟ್ಟಿದ್ದು ನಾಗರಬಾವಿಯ ವೃತ್ತದಲ್ಲಿ. ಕ್ಲಚ್ಚನ್ನು ಪೂರ್ತಿ ತುಳಿಯದೆ ಗೇರು ಹಾಕಿದರೆ ಹಲ್ಲಿಗೆ ಹಲ್ಲು ತಿಕ್ಕಿ ಒಂದು ಕೆಟ್ಟ ಸದ್ದು ಬರುತ್ತದೆ. ಅವಳು ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು. ನಾನು ಪೂರ್ತಿ ತುಳಿದಿದ್ದೇನೆ ಎಂದೇ ನನಗೆ ಖಾತ್ರಿಯಿತ್ತು. ಮರುದಿನ ಮತ್ತೆ, ಅದರ ಮರುದಿನ ಮತ್ತೆ. ಕಾರಿಗೆ ವಯಸ್ಸಾಯಿತು ಎಂದು ಬೈದು ಕ್ಲಚ್ ಪ್ಲೇಟ್ ಬದಲಾಯಿಸಿದೆ. ಹೊಸ ಪ್ಲೇಟು ಹಾಕಿದ ಮೇಲೂ ಅದೇ ಸದ್ದು. ಅಷ್ಟರಲ್ಲಿ ಅವಳ ರೀತಿ ಬದಲಾಗಿತ್ತು. ನಾನು ತುಳಿದ ಮೇಲೂ ಅವಳು ತಕ್ಷಣ ಎಳೆಯುತ್ತಿರಲಿಲ್ಲ, ಒಂದು ಕ್ಷಣ ತಡೆದು, ಗುಂಡಿಯನ್ನು ಮೆಲ್ಲಗೆ ಅಲುಗಿಸಿ ನೋಡಿ ಆಮೇಲೆ ಹಾಕುತ್ತಿದ್ದಳು. ಅವಳಿಗೆ ನನ್ನ ಕಾಲಿನ ಮೇಲೆ ನಂಬಿಕೆ ಹೋಗಿತ್ತು. ನನಗೇ ಇನ್ನೂ ಗೊತ್ತಿಲ್ಲದ ಸುದ್ದಿ ಅವಳಿಗೆ ಗೊತ್ತಾಗಿತ್ತು.

ನನಗೆ ಗೊತ್ತಾದದ್ದು ರಕ್ತ ನೋಡಿ. ಒಂದು ಸಂಜೆ ಸುತ್ತಾಡಿ ಬಂದು ಸೋಫಾದಲ್ಲಿ ಕೂತಿದ್ದೆ. ಹೆಂಡತಿ ಬಾಗಿಲಿನಿಂದ ಸೋಫಾದವರೆಗೆ ನೆಲ ನೋಡುತ್ತಾ ಬಂದಳು. ಬಿಳಿ ಟೈಲ್ಸಿನ ಮೇಲೆ ಉದ್ದಕ್ಕೂ ಕೆಂಪು ಹೆಜ್ಜೆ. ಅಷ್ಟುದ್ದದ ಹೆಜ್ಜೆ ಮನೆಯಲ್ಲಿ ಬೇರೆ ಯಾರದೂ ಅಲ್ಲ. ಲೇತಿನಿಂದ ಸಿಡಿಯುವ ಕಬ್ಬಿಣದ ಸುರುಳಿ ಚೂರೊಂದು ನನ್ನ ಪ್ಯಾಂಟಿನ ಮಡಿಕೆಯಲ್ಲಿ ಕಾರಿನೊಳಗೆ ಬಂದು ಎಡ ಅಂಗಾಲಿನಲ್ಲಿ ಹೂತುಹೋಗಿತ್ತು. ಆ ಕಾಲಿನಲ್ಲೇ ಕೆಂಗೇರಿಯವರೆಗೆ ಕ್ಲಚ್ ತುಳಿದುಕೊಂಡು ಹೋಗಿ ಬಂದಿದ್ದೆ.

"ರೀ, ನಿಮ್ಗೆ ನೋವೇ ಆಗ್ಲಿಲ್ವಾ?" ಎಂದಳು.

ಆಗಲಿಲ್ಲ ಎಂದೆ. ಅವಳ ಮುಖ ನೋಡಿದ ಮೇಲೆ ನನಗೆ ಹೆದರಿಕೆಯಾಯಿತು.

ಸಕ್ಕರೆ ಕಾಯಿಲೆ ನನಗೆ ಹೊಸದಲ್ಲ. ನಮ್ಮ ಬೀದಿಯಲ್ಲಿ ಅದಿಲ್ಲದ ಮನೆ ಹುಡುಕಬೇಕು. ಮಾತ್ರೆ ನುಂಗುತ್ತಾ, ಹಬ್ಬಕ್ಕೊಂದು ಒಬ್ಬಟ್ಟು ಕದ್ದು ತಿನ್ನುತ್ತಾ ಆರಾಮಾಗಿದ್ದೆ. ಬಸವೇಶ್ವರನಗರದ ಡಾಕ್ಟರು ಕಬ್ಬಿಣದ ಒಂದು ಕವಲುಕಡ್ಡಿಯನ್ನು ಬಡಿದು ಮೊದಲು ನನ್ನ ಮೊಣಕೈಗೆ ಇಟ್ಟರು. ಜುಂ ಎಂಬ ನಡುಕ ಚೆನ್ನಾಗಿ ಗೊತ್ತಾಯಿತು. ಮತ್ತೆ ಬಡಿದು ಹೆಬ್ಬೆರಳಿಗೆ ಇಟ್ಟರು. ತಣ್ಣಗಿನ ಕಬ್ಬಿಣವೂ ಇಲ್ಲ, ನಡುಕವೂ ಇಲ್ಲ. ಎರಡೂ ಪಾದಗಳಲ್ಲಿ ನರಗಳು ಸತ್ತಿವೆ, ಹೋದದ್ದು ವಾಪಸು ಬರುವುದಿಲ್ಲ ಎಂದರು. ಇನ್ನು ಮೇಲೆ ಮನೆಯೊಳಗೂ ಬರಿಗಾಲಲ್ಲಿ ಓಡಾಡಬಾರದು. ಕಾರಂತೂ ಮುಟ್ಟಲೇಬಾರದು. ಕೈಬೆರಳ ತುದಿಗಳೂ ಜುಮ್ಮೆನ್ನುತ್ತವೆ ಎಂದು ನಾನೇ ಬಾಯಿಬಿಟ್ಟ ಮೇಲೆ, ಕೈಯಿಂದಲೇ ಕ್ಲಚ್ಚು ಬ್ರೇಕು ನಡೆಸುವ ಹಾಗೆ ಕಾರನ್ನು ಮಾರ್ಪಡಿಸಬಹುದಲ್ಲ ಎಂಬ ನನ್ನ ಪ್ರಶ್ನೆಗೂ ಅವರು ಆಗದು ಎಂದು ತಲೆಯಾಡಿಸಿಬಿಟ್ಟರು.

ಹೇಳಿ ಮಾಡಿಸಿದ ಮೆತ್ತನೆಯ ಚಪ್ಪಲಿ ಬಂತು. ಸಕ್ಕರೆ ಕಾಯಿಲೆಯವರ ಚಪ್ಪಲಿ, ಅಟ್ಟೆ ದಪ್ಪ, ಹಿಂದೆ ಪಟ್ಟಿ. ನಾನು ಹಟಮಾರಿ. ಒಂದು ಭಾನುವಾರ ಬೆಳಿಗ್ಗೆ ಕೈಗಾರಿಕಾ ಬಡಾವಣೆಯ ಖಾಲಿ ರಸ್ತೆಗೆ ಒಬ್ಬನೇ ಕಾರು ತೆಗೆದುಕೊಂಡು ಹೋಗಿ ಆ ಚಪ್ಪಲಿ ಹಾಕಿಕೊಂಡು ಓಡಿಸಿ ನೋಡಿದೆ. ಬ್ರೇಕು ಆಕ್ಸಿಲರೇಟರು ಎರಡನ್ನೂ ಒಟ್ಟಿಗೆ ತುಳಿಯುವ ಹಳೆಯ ಕಷ್ಟವೇ ಮತ್ತೆ ಎದುರು ನಿಂತಿತು. ಚಪ್ಪಲಿ ಬಿಚ್ಚಿದರೆ ಜಾಗ ಇದೆ, ಕಾಲೇ ಇಲ್ಲ. ಕಣ್ಣಿಂದ ನೋಡಿಕೊಂಡು ತುಳಿದರೆ ಸರಿಯಾಗುತ್ತಿತ್ತು. ಆದರೆ ಕಣ್ಣು ಕಾಲಿನ ಮೇಲಿದ್ದರೆ ರಸ್ತೆ ನೋಡುವವರು ಯಾರು?

ಇಷ್ಟಾದರೂ ನಾನು ಅವಳನ್ನು ಕರೆದುಕೊಂಡು ಹೊರಟೆ. ಹೊರಡದೆ ಏನು ಮಾಡಲಿ? ಮೂರು ಸಂಜೆಯ ಕಿರುಚಾಟ ಕೇಳಿದ ಹೆಂಡತಿಯೇ, ಬೀದಿ ಕೊನೆಯವರೆಗಾದರೂ ಹೋಗಿ ಬನ್ನಿ ಎಂದಿದ್ದಳು. ಮಾರೇನಹಳ್ಳಿಯ ಅಂಗಡಿ ಸಾಲಿನ ಮುಂದೆ ಗಾಡಿಗಳು ನಿಂತಿದ್ದವು, ನಾನೂ ರಸ್ತೆಯ ಅಂಚಿಗೆ ಸರಿದು ನಿಂತೆ. ಕಾಲು ಬ್ರೇಕಿನ ಮೇಲಿದೆ ಎಂದುಕೊಂಡಿದ್ದೆ. ಅದು ಬ್ರೇಕಿನ ಪಕ್ಕಕ್ಕೆ ಜಾರಿತ್ತು. ಅಲ್ಲಿ ರಸ್ತೆ ಸ್ವಲ್ಪ ಇಳಿಜಾರು. ಕಾರು ಸದ್ದಿಲ್ಲದೆ ಮುಂದಕ್ಕೆ ಉರುಳಿತು. ಮುಂದೆ ಹೂ ಮಾರುವ ಅಜ್ಜಿ ಕೂತಿದ್ದರು. ಮಗಳು ಬಾಯಿಂದ ಏನೋ ಸದ್ದು ಮಾಡಿದಳು, ನಾನು ಹ್ಯಾಂಡ್ ಬ್ರೇಕ್ ಎಳೆದೆ. ಬಂಪರು ಅಜ್ಜಿಯ ಬುಟ್ಟಿಯನ್ನು ತಳ್ಳಿ ಅವರ ಮೊಣಕಾಲಿನ ಹತ್ತಿರ ನಿಂತಿತ್ತು. ಮಲ್ಲಿಗೆ ಮೊಳಗಳು ರಸ್ತೆಯಲ್ಲಿ ಬಿದ್ದಿದ್ದವು. ಇಳಿದು ಕೈಮುಗಿದೆ. ಅಜ್ಜಿ ಕಾರಿನೊಳಗೆ ಇಣುಕಿ ಮಗಳನ್ನು ನೋಡಿದರು.

"ಹೋಗಪ್ಪ, ನಂಗೇನೂ ಆಗಿಲ್ಲ. ಮಗು ಹೆದರ್ಕೊಂಡೈತೆ, ಮನೆಗ್ ಕರ್ಕೊಂಡ್ ಹೋಗು," ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲಿಂದ ಕಾರನ್ನು ಮನೆಗೆ ತಂದು ನಿಲ್ಲಿಸಿದವನು ನನ್ನ ಬಾಮೈದ. ಫೋನ್ ಮಾಡಿ ಅವನನ್ನು ಕರೆಸಿಕೊಂಡೆ. ಅವತ್ತಿಗೆ ನನ್ನ ಡ್ರೈವಿಂಗ್ ಮುಗಿಯಿತು.

ಬಾಮೈದ ಒಳ್ಳೆಯವನು. ತನ್ನ ಗೇರಿಲ್ಲದ ಹೊಸ ಕಾರಿನಲ್ಲಿ ಅವಳನ್ನು ಕರೆದೊಯ್ದ. ಅದರಲ್ಲೂ ಒಂದು ಗುಂಡಿ ಇದೆ, ಆದರೆ ಹೊರಟ ಮೇಲೆ ಅದಕ್ಕೆ ಕೆಲಸವಿಲ್ಲ. ಅವಳು ಅದನ್ನು ಹಿಡಿದು ಕಾದಳಂತೆ, ಎಂಜಿನ್ನಿನ ದನಿ ಏರಿತಂತೆ, ಇವಳು ಎಳೆದಳಂತೆ. ಓಡುವ ಗಾಡಿ ಹೂಂಕರಿಸಿ ಎಗರಿತು. ಭಾವ, ಇನ್ನೊಂದ್ಸಲ ನನ್ ಕೈಲಾಗಲ್ಲ ಎಂದು ಬೆವರೊರೆಸಿಕೊಂಡ. ಆಮೇಲೆ ನಮ್ಮ ಕಾರಿಗೇ ಡ್ರೈವರ್ ಇಟ್ಟೆವು. ಅವನ ಪಕ್ಕದಲ್ಲಿ ಕೂತು ಅವಳು ಗುಂಡಿಗೆ ಕೈ ಹಾಕಿದಾಗ, ಪಾಪ, ಅವನು ಮೆತ್ತಗೇ ಅವಳ ಕೈ ಸರಿಸಿದ. ಅವಳು ಮನೆಗೆ ಬರುವವರೆಗೂ ಮಣಿಕಟ್ಟು ಕಚ್ಚಿಕೊಂಡಳು. ಹೇಳಿಕೊಟ್ಟರೆ ಕಲಿತಾನು ಎಂದು ನಾನು ಹಿಂದಿನ ಸೀಟಿನಲ್ಲಿ ಕೂತು ಈಗ ತುಳಿಯಪ್ಪ, ಈಗ ಬಿಡಪ್ಪ ಎನ್ನುತ್ತಾ ಹೋದೆ. ವಾರದೊಳಗೆ ಅವನೂ ಬಿಟ್ಟು ಹೋದ. ಹೆಂಡತಿಗೆ ತಲೆಸುತ್ತಿನ ಕಾಯಿಲೆ, ಅವಳನ್ನು ಸ್ಟಿಯರಿಂಗ್ ಮುಂದೆ ಕೂರಿಸುವ ಮಾತೇ ಇಲ್ಲ. ಮೆಟ್ರೋ, ಬಸ್ಸು, ಆಟೋ ಎಲ್ಲ ಆಯಿತು. ಬೇರೆಯವರಿಗೆ ಬೇಕಾದದ್ದು ಊರು ಸೇರುವುದು. ಇವಳಿಗೆ ಬೇಕಾದದ್ದು ಅದಲ್ಲ.

ಈಗ ನಮ್ಮ ಮನೆಯ ಸಂಜೆಗಳು ಹೇಗಿವೆ ಎಂದು ಬರೆಯಲು ಕೈ ಬರುವುದಿಲ್ಲ. ನಿದ್ದೆಗೆಂದು ಕೊಟ್ಟ ಮಾತ್ರೆಯಿಂದ ಅವಳ ಮುಖ ಊದಿದೆ. ಊಟ ಬಾಯಿಗಿಡಲು ಹೆಂಡತಿ ಯುದ್ಧವನ್ನೇ ಮಾಡಬೇಕು. ಪಕ್ಕದ ಮನೆಯವರು ಮೊದಮೊದಲು ವಿಚಾರಿಸುತ್ತಿದ್ದರು, ಈಗ ಕಿಟಕಿ ಹಾಕಿಕೊಳ್ಳುತ್ತಾರೆ. ನಮ್ಮ ನಂತರ ಇವಳ ಗತಿಯೇನು ಎಂದು ಇಂಥ ಮಕ್ಕಳ ಅಪ್ಪ ಅಮ್ಮಂದಿರೆಲ್ಲ ಕೇಳಿಕೊಳ್ಳುತ್ತಾರೆ. ನಾನೂ ಕೇಳಿಕೊಂಡವನೇ. ಆದರೆ ನಾನು ಇದ್ದಾಗಲೇ, ಅದೇ ಮನೆಯಲ್ಲಿ, ಅವಳ ಕಣ್ಣ ಮುಂದೆಯೇ ಅವಳ ಪಾಲಿಗೆ ಇಲ್ಲದಂತಾಗುತ್ತೇನೆ ಎಂದು ನಾನು ಎಣಿಸಿರಲಿಲ್ಲ. ದೇವರಲ್ಲಿ ಕೇಳುವುದನ್ನು ಬಿಟ್ಟಿದ್ದೇನೆ. ಕೇಳಿಸಿಕೊಳ್ಳುವವನಿದ್ದರೆ ಕಣ್ಣನ್ನೋ ಕಿವಿಯನ್ನೋ ತೆಗೆದುಕೊಂಡು ಎಡಗಾಲನ್ನು ಬಿಡುತ್ತಿದ್ದ.

ಕಾರನ್ನು ಮಾರಿಬಿಡಿ ಎಂದು ಎಲ್ಲರೂ ಹೇಳಿದರು. ಮಾರಲಿಲ್ಲ. ಸಂಜೆ ಅವಳು ಹೋಗಿ ಕಾರಿನ ಎಡಬಾಗಿಲಿನ ಹತ್ತಿರ ನಿಂತುಕೊಳ್ಳುತ್ತಾಳೆ. ನಿಂತವಳನ್ನು ಎಷ್ಟು ಹೊತ್ತು ನೋಡುತ್ತಾ ಇರುವುದು? ಒಂದು ದಿನ ಹೋಗಿ ಬಾಗಿಲು ತೆಗೆದೆ. ಅವಳು ಕೂತಳು, ಬೆಲ್ಟು ಹಾಕಿಕೊಂಡಳು. ನಾನೂ ಕೂತೆ. ಎಂಜಿನ್ ಶುರು ಮಾಡದೆ, ಗೇಟಿನ ಮುಂದೆ ನಿಂತ ಕಾರಿನಲ್ಲೇ ಕ್ಲಚ್ ತುಳಿದೆ. ತಲೆ ಬಗ್ಗಿಸಿ ಕಾಲನ್ನೇ ನೋಡಿಕೊಂಡು ತುಳಿದೆ. ಅವಳು ಒಂದಕ್ಕೆ ಹಾಕಿದಳು. ಬಿಟ್ಟೆ, ತುಳಿದೆ, ಅವಳು ಎರಡಕ್ಕೆ ಎಳೆದಳು. ಐದರವರೆಗೆ ಹೋದೆವು. ಅವಳು ರಸ್ತೆ ನೋಡಿದಳು. ಎದುರು ಮನೆಯ ಕಾಂಪೌಂಡು ಇದ್ದಲ್ಲೇ ಇತ್ತು. ಮತ್ತೆ ಒಂದಕ್ಕೆ ಬಂದು ಮೊದಲಿನಿಂದ ಶುರು ಮಾಡಿದಳು.

ಈಗ ದಿನಾ ಹೀಗೆ ಕೂರುತ್ತೇವೆ. ಅವಳು ಮೋಸ ಹೋಗಿದ್ದಾಳೆ ಎಂದು ನಾನು ಒಂದು ಗಳಿಗೆಯೂ ಅಂದುಕೊಂಡಿಲ್ಲ. ಕಾರು ಹೊರಡುವುದಿಲ್ಲ ಎಂದು ಅವಳಿಗೆ ಗೊತ್ತು. ಆದರೂ ಹಾಕುತ್ತಾಳೆ, ಕಾಯುತ್ತಾಳೆ, ಇಳಿಯುವಾಗ ಕಿರುಚುತ್ತಾಳೆ.

ಹೋದ ವಾರ ಒಂದು ಸಂಜೆ ಹೀಗೇ ಕೂತಿದ್ದೆವು. ಬೀದಿಯಲ್ಲಿ ಯಾರೋ ಕೂಗಿದರು, ನಾನು ಕಾಲಿನಿಂದ ಕಣ್ಣು ತೆಗೆದು ಅತ್ತ ನೋಡಿದೆ. ಗೇರು ಸಿಕ್ಕಿಕೊಂಡಿತು. ಮತ್ತೆ ಎಳೆದಳು, ಬರಲಿಲ್ಲ. ಅವಳು ಗುಂಡಿಯನ್ನು ಬಿಟ್ಟಳು. ಬೆಲ್ಟು ತೆಗೆದಳು. ಇಳಿಯುತ್ತಾಳೆ ಎಂದುಕೊಂಡೆ. ಅವಳು ಇಳಿಯಲಿಲ್ಲ, ನನ್ನ ಕಡೆ ಬಗ್ಗಿ ಸ್ಟಿಯರಿಂಗ್ ಕೆಳಗೆ ತಲೆ ಹಾಕಿದಳು. ನಾನೂ ಕೆಳಗೆ ನೋಡಿದೆ. ಯಾರನ್ನೂ ಮುಟ್ಟದವಳು, ಯಾರಿಂದಲೂ ಮುಟ್ಟಿಸಿಕೊಳ್ಳದವಳು, ನನ್ನ ಎಡಪಾದದ ಮೇಲೆ ತನ್ನ ಎರಡೂ ಅಂಗೈಗಳನ್ನಿಟ್ಟು, ಮೈಭಾರವನ್ನೆಲ್ಲ ಹಾಕಿ ಕ್ಲಚ್ಚನ್ನು ಒತ್ತುತ್ತಿದ್ದಳು. ಕ್ಲಚ್ಚು ಪೂರ್ತಿ ಕೆಳಗೆ ಹೋಯಿತು. ಅವಳು ಕೈ ತೆಗೆಯಲಿಲ್ಲ. ಎಷ್ಟೋ ಹೊತ್ತು ಹಾಗೇ ಹಿಡಿದುಕೊಂಡಿದ್ದಳು.

ಮಗಳು ತಾನಾಗಿ ನನ್ನನ್ನು ಮುಟ್ಟಿದ್ದು ಅದೇ ಮೊದಲು. ಅವಳ ಅಂಗೈ ಬೆಚ್ಚಗಿತ್ತೋ ತಣ್ಣಗಿತ್ತೋ, ನನಗೆ ಗೊತ್ತಿಲ್ಲ.